ಚಳಿಗಾಲದ ಮುಂಜಾನೆಯ ಮಾಲಿನ್ಯ ಮತ್ತು ಮಾದರಿಯ ಲೆಕ್ಕ: ವಾಯು ಗುಣಮಟ್ಟ ಮುನ್ಸೂಚನೆಯ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಬರುವ ನಗರ, ಮುನ್ಸೂಚನೆ ಹೊರಡಿಸುವ ಸಂಸ್ಥೆ ಮತ್ತು ಅಲ್ಲಿ ಬಳಸಿದ ಮಾದರಿ (ಗಾಳಿಯ ಮಾಲಿನ್ಯವನ್ನು ಲೆಕ್ಕಹಾಕುವ ಗಣಕ ತಂತ್ರಾಂಶ), ಈ ಮೂರರ ಹೆಸರನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಂಡದ ಸಭೆಗಳ ಟಿಪ್ಪಣಿ, ಮಾದರಿಯ ಹಳೆಯ ಓಟಗಳ (ಗಣಕದಲ್ಲಿ ಅದನ್ನು ನಡೆಸಿದ ಸಲಗಳ) ಫಲಿತಾಂಶ ಮತ್ತು ಮಾಪನ ಕೇಂದ್ರಗಳ ದಾಖಲೆಗಳನ್ನು ಓದಿ, ಕೆಲಸ ಮಾಡಿದವರೊಂದಿಗೆ ಮಾತನಾಡಿ ಇದನ್ನು ಬರೆಯಲಾಗಿದೆ. ಯಾವ ಮಾದರಿ ಎಂಬುದು ಇಲ್ಲಿ ಅಷ್ಟು ಮುಖ್ಯವೂ ಅಲ್ಲ, ಏಕೆಂದರೆ ವಾತಾವರಣ ರಸಾಯನ ಮಾದರಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಸ್ತಿಭಾರದ ಮೇಲೆ ನಿಂತಿವೆ, ಮತ್ತು ಇಲ್ಲಿ ನಡೆದದ್ದು ಅವುಗಳಲ್ಲಿ ಯಾವುದರಲ್ಲಾದರೂ ನಡೆಯಬಹುದಾಗಿತ್ತು.

ಹಿನ್ನೆಲೆ

ನಗರ ಒಳನಾಡಿನದು. ಮೂರು ಕಡೆ ಗುಡ್ಡಸಾಲು, ನಾಲ್ಕನೆಯ ಕಡೆ ನೀರಾವರಿ ಬೇಸಾಯದ ಬಯಲು. ಚಳಿಗಾಲದ ರಾತ್ರಿಗಳಲ್ಲಿ ಆಕಾಶ ತಿಳಿಯಾಗಿದ್ದು ಗಾಳಿ ಬೀಸದಿದ್ದಾಗ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ತಂಪಾಗಿ, ಭಾರವಾಗಿ, ಮೇಲೇಳದೆ ಕೆಳಗೇ ಉಳಿಯುತ್ತದೆ. ಉಷ್ಣತಾ ವಿಲೋಮ ಎಂದು ಕರೆಯುವ ಈ ಸ್ಥಿತಿಯಲ್ಲಿ, ಹಗಲಿನಲ್ಲಿ ಸಾವಿರ ಮೀಟರಿಗೂ ಮೇಲೆ ಹರಡಬಹುದಾದ ಹೊಗೆ ಕೆಲವು ಹತ್ತು ಮೀಟರುಗಳ ಒಳಗೇ ಸಿಕ್ಕಿಕೊಳ್ಳಬಹುದು. ಹೊಗೆಯ ಪ್ರಮಾಣ ಬದಲಾಗದಿದ್ದರೂ ಅದು ಬೆರೆಯುವ ಎತ್ತರ ಅರ್ಧಕ್ಕೆ ಇಳಿದರೆ ಸಾಂದ್ರತೆ ಎರಡು ಪಟ್ಟಾಗುತ್ತದೆ. ಈ ಸರಳ ಗಣಿತವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಪ್ರಕರಣದ ಅರ್ಧ ಭಾಗ ಇದರ ಮೇಲೆಯೇ ನಿಂತಿದೆ.

ಮುನ್ಸೂಚನಾ ತಂಡ ನಡೆಸುತ್ತಿದ್ದುದು ವಾಡಿಕೆಯ ವ್ಯವಸ್ಥೆ. ಪ್ರದೇಶವನ್ನು ಚೌಕಗಳಾಗಿಯೂ ಎತ್ತರವನ್ನು ಪದರಗಳಾಗಿಯೂ ಭಾಗಿಸಿ, ಪ್ರತಿಯೊಂದು ಕೋಶದಲ್ಲಿ ಪ್ರತಿಯೊಂದು ರಾಸಾಯನಿಕಕ್ಕೂ ಮಾದರಿ ಐದು ಬಗೆಯ ಲೆಕ್ಕ ಇಡುತ್ತದೆ: ಎಷ್ಟು ಹೊರಸೂಸಲ್ಪಟ್ಟಿತು, ಗಾಳಿ ಎಷ್ಟನ್ನು ತಂದಿತು ಮತ್ತು ಒಯ್ದಿತು, ಮೇಲಿನ ಕೆಳಗಿನ ಪದರಗಳ ನಡುವೆ ಎಷ್ಟು ಬೆರೆಯಿತು, ರಾಸಾಯನಿಕ ಕ್ರಿಯೆಯಿಂದ ಎಷ್ಟು ಹುಟ್ಟಿತು ಅಥವಾ ಅಳಿಯಿತು, ಕೊನೆಗೆ ನೆಲಕ್ಕೂ ಮಳೆಗೂ ಎಷ್ಟು ಸೇರಿತು. ಗಾಳಿ, ಉಷ್ಣತೆ, ತೇವಾಂಶ ಹವಾಮಾನ ಮಾದರಿಯಿಂದ ಬರುತ್ತವೆ. ಹೊರಗಿನ ಪ್ರದೇಶದಿಂದ ಗಡಿ ದಾಟಿ ಬರುವ ಮಾಲಿನ್ಯಕ್ಕೆ ತಂಡ ಯುರೋಪಿನ ಕೋಪರ್ನಿಕಸ್ ವಾತಾವರಣ ಸೇವೆಯ ಜಾಗತಿಕ ಮುನ್ಸೂಚನೆಯನ್ನು ಬಳಸುತ್ತಿತ್ತು. ದಿನಕ್ಕೆ ಎರಡು ಬಾರಿ ಹೊರಬರುವ, ಐದು ದಿನ ಮುಂದಿನವರೆಗೆ ಹೇಳುವ ಆ ಮುನ್ಸೂಚನೆಯ ಚೌಕಗಳು ಸುಮಾರು 40 ಕಿ.ಮೀ. ಅಗಲದವು. ಒಳಗಿನ ಪ್ರದೇಶಕ್ಕೆ ತಂಡದ ಸ್ವಂತ ಮಾದರಿ 3 ಕಿ.ಮೀ. ಚೌಕಗಳಲ್ಲಿ ಓಡುತ್ತಿತ್ತು.

ಮುನ್ಸೂಚನೆಯನ್ನು ನಂಬಿ ನಿರ್ಧಾರ ಮಾಡುವವರು ಆರೋಗ್ಯಾಧಿಕಾರಿಗಳು. ಮರುದಿನ ಶಾಲೆಗಳ ಹೊರಾಂಗಣ ಚಟುವಟಿಕೆ ನಡೆಯಬೇಕೇ, ಉಸಿರಾಟದ ತೊಂದರೆಯಿರುವವರಿಗೆ ಎಚ್ಚರಿಕೆ ಕೊಡಬೇಕೇ, ದೊಡ್ಡ ಹೊಗೆ ಮೂಲಗಳಿಗೆ ಉತ್ಪಾದನೆ ತಗ್ಗಿಸಲು ಹೇಳಬೇಕೇ ಎಂಬುದನ್ನು ಅವರು ಹಿಂದಿನ ಸಂಜೆಯೇ ತೀರ್ಮಾನಿಸಬೇಕು. ಅವರು ಮುಖ್ಯವಾಗಿ ನೋಡುತ್ತಿದ್ದುದು ಪಿಎಂ 2.5, ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ವ್ಯಾಸದ ಕಣಗಳ 24 ಗಂಟೆಗಳ ಸರಾಸರಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಸರಾಸರಿಗೆ ಘನ ಮೀಟರಿಗೆ 15 ಮೈಕ್ರೋಗ್ರಾಂ ಎಂಬ ಮಾರ್ಗಸೂಚಿ ಮಟ್ಟವನ್ನು ಇಟ್ಟಿದೆ. ನಗರದ ಎಚ್ಚರಿಕೆಯ ಮಿತಿ ಅದಕ್ಕಿಂತ ಬಹಳ ಮೇಲಿತ್ತು, ಆದರೂ ಚಳಿಗಾಲದಲ್ಲಿ ಪದೇಪದೇ ಮೀರುತ್ತಿತ್ತು.

ಸಮಸ್ಯೆ ಮತ್ತು ಮೊದಲ ಪರಿಹಾರ

ಮೊದಲ ಚಳಿಗಾಲದಲ್ಲೇ ದೋಷ ಸ್ಪಷ್ಟವಾಯಿತು. ಮಧ್ಯಾಹ್ನದ ಹೊತ್ತಿಗೆ ಮಾದರಿಯ ಅಂಕಿಯೂ ಮಾಪನ ಕೇಂದ್ರಗಳ ಅಂಕಿಯೂ ಸಾಕಷ್ಟು ಹತ್ತಿರ ಇರುತ್ತಿದ್ದವು. ನಡುರಾತ್ರಿಯ ನಂತರ ಅಳತೆ ಏರತೊಡಗಿ ಬೆಳಗ್ಗೆ ಏಳೆಂಟು ಗಂಟೆಗೆ ತುದಿ ಮುಟ್ಟಿದರೆ, ಮಾದರಿ ಆ ಏರಿಕೆಯ ಸಣ್ಣ ಪಾಲನ್ನಷ್ಟೇ ತೋರಿಸುತ್ತಿತ್ತು. ಇದರಿಂದ ದಿನದ ಸರಾಸರಿಯೂ ತಗ್ಗಿ, ಎಚ್ಚರಿಕೆ ಕೊಡಬೇಕಿದ್ದ ದಿನಗಳಲ್ಲಿ ಹಲವು ಎಚ್ಚರಿಕೆಯಿಲ್ಲದೆ ಕಳೆದುಹೋದವು.

ತಂಡ ಮೊದಲು ಶಂಕಿಸಿದ್ದು ಹೊರಸೂಸುವಿಕೆಯ ಪಟ್ಟಿಯನ್ನು. ಶಂಕೆಗೆ ಆಧಾರವಿತ್ತು. ಯಾವ ಮೂಲ ಎಲ್ಲಿ ಎಷ್ಟು ಹೊಗೆ ಬಿಡುತ್ತದೆ ಎಂಬ ಈ ಪಟ್ಟಿಗಳು ಸಾಮಾನ್ಯವಾಗಿ ಕೆಲವು ವರ್ಷ ಹಳೆಯವಾಗಿರುತ್ತವೆ. ಇಡೀ ಪ್ರದೇಶದ ವಾರ್ಷಿಕ ಮೊತ್ತವನ್ನು ಜನಸಂಖ್ಯೆ, ರಸ್ತೆಯ ಉದ್ದ ಮೊದಲಾದ ಅಂದಾಜು ಸೂಚಕಗಳ ಮೂಲಕ ಚೌಕಗಳಿಗೆ ಹಂಚಿರುತ್ತಾರೆ. ಮನೆಗಳಲ್ಲಿ ಉರಿಸುವ ಕಟ್ಟಿಗೆ, ಬೀದಿಬದಿಯಲ್ಲಿ ಸುಡುವ ಕಸ ಇವುಗಳ ಲೆಕ್ಕ ಎಲ್ಲೂ ಪೂರ್ಣವಿರುವುದಿಲ್ಲ. ಹೀಗಿರುವಾಗ ಮಾದರಿ ಕಡಿಮೆ ತೋರಿಸಿದರೆ ಹೊಗೆ ಕಡಿಮೆ ಕೊಟ್ಟಿದ್ದೇವೆ ಎಂದುಕೊಳ್ಳುವುದು ಸಹಜ. ಅಳತೆಗೂ ಮಾದರಿಗೂ ಇರುವ ಅನುಪಾತವನ್ನು ಚಳಿಗಾಲದ ನಿಶ್ಚಲ ದಿನಗಳ ಆಧಾರದ ಮೇಲೆ ಕಂಡುಕೊಂಡು, ನಗರದ ಚೌಕಗಳಲ್ಲಿ ಉರಿಯುವಿಕೆಯಿಂದ ಬರುವ ಎಲ್ಲ ಹೊರಸೂಸುವಿಕೆಯನ್ನೂ ಒಂದು ಗುಣಕದಿಂದ ಹೆಚ್ಚಿಸಲಾಯಿತು.

ಫಲಿತಾಂಶ ಕಾಗದದ ಮೇಲೆ ಚೆನ್ನಾಗಿತ್ತು. ಸರಾಸರಿ ದೋಷ ಬಹುಮಟ್ಟಿಗೆ ಮಾಯವಾಯಿತು, ತಪ್ಪಿಹೋಗುವ ಎಚ್ಚರಿಕೆಗಳು ಕಡಿಮೆಯಾದವು, ಆರೋಗ್ಯಾಧಿಕಾರಿಗಳಿಂದ ಮೆಚ್ಚುಗೆಯೂ ಬಂತು. ಆದರೆ ಸಭೆಯ ಟಿಪ್ಪಣಿಯಲ್ಲಿ ಕಿರಿಯ ಸದಸ್ಯೆಯೊಬ್ಬರ ಒಂದು ವಾಕ್ಯ ದಾಖಲಾಗಿದೆ: ಗಂಟೆಗಂಟೆಯ ಅಳತೆಗಳೊಂದಿಗೆ ಮಾದರಿಯ ಸಹಸಂಬಂಧ (ಎರಡರ ಏರಿಳಿತ ಎಷ್ಟು ಒಟ್ಟಿಗೆ ಸಾಗುತ್ತದೆ ಎಂಬುದು) ಗುಣಕಕ್ಕೆ ಮುಂಚೆ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಅದರ ಅರ್ಥವನ್ನು ಆಗ ಯಾರೂ ಬಿಡಿಸಿ ನೋಡಲಿಲ್ಲ. ಗುಣಕ ಎಲ್ಲ ಗಂಟೆಗಳನ್ನೂ ಎತ್ತಿತ್ತು, ದಿನದ ಏರಿಳಿತದ ಆಕಾರವನ್ನು ಮುಟ್ಟಿರಲಿಲ್ಲ. ಮುಂಜಾನೆಯ ಕೊರತೆಯನ್ನು ಮಧ್ಯಾಹ್ನ ಮತ್ತು ಸಂಜೆಯ ಹೆಚ್ಚಳ ತುಂಬಿಕೊಟ್ಟು ಸರಾಸರಿ ಸರಿಹೊಂದಿತ್ತು.

ಇದೇ ಅವಧಿಯಲ್ಲಿ ದತ್ತಾಂಶ ಅಳವಡಿಕೆಯನ್ನೂ ಪ್ರಯತ್ನಿಸಲಾಯಿತು. ಓಟದ ಆರಂಭದಲ್ಲಿ ಮಾಪನ ಕೇಂದ್ರಗಳ ಪಿಎಂ 2.5 ಅಂಕಿಗಳಿಗೆ ಹತ್ತಿರವಾಗುವಂತೆ ಮಾದರಿಯ ಸ್ಥಿತಿಯನ್ನು ತಿದ್ದುವ ವಿಧಾನವಿದು. ಮೊದಲ ಕೆಲವು ಗಂಟೆ ಇದರಿಂದ ಒಳ್ಳೆಯದಾಯಿತು, ಆಮೇಲೆ ಮಾದರಿ ತನ್ನ ಹಳೆಯ ದಾರಿಗೇ ಮರಳಿತು. ಹವಾಮಾನ ಮುನ್ಸೂಚನೆಯಲ್ಲಿ ಆರಂಭದ ಸ್ಥಿತಿ ಹಲವು ದಿನಗಳ ಮಟ್ಟಿಗೆ ನಿರ್ಣಾಯಕ. ನಗರದ ಗಾಳಿಯ ವಿಷಯದಲ್ಲಿ ಹಾಗಲ್ಲ. ಪ್ರತಿ ಗಂಟೆ ಹೊಸ ಹೊಗೆ ಸೇರುತ್ತ, ಹಳೆಯದು ಕೊಚ್ಚಿಹೋಗುತ್ತ ಇರುವುದರಿಂದ ಆರಂಭದ ನೆನಪು ಬೇಗ ಅಳಿಸುತ್ತದೆ. ಅದಲ್ಲದೆ ಕೇಂದ್ರಗಳು ಕೊಡುವುದು ಕಣಗಳ ಒಟ್ಟು ತೂಕ ಮಾತ್ರ; ಆ ತಿದ್ದುಪಡಿಯನ್ನು ಮಸಿ, ಧೂಳು, ಸಲ್ಫೇಟ್, ನೈಟ್ರೇಟ್ ಎಂದು ಹಂಚುವಾಗ ಮಾದರಿ ತನ್ನದೇ ಅನುಪಾತವನ್ನು ಬಳಸುತ್ತದೆ. ಆ ಅನುಪಾತವೇ ತಪ್ಪಿದ್ದರೆ ತಿದ್ದುಪಡಿಯೂ ತಪ್ಪನ್ನೇ ದೊಡ್ಡದು ಮಾಡುತ್ತದೆ.

ಗುಣಕ ಕೈಕೊಟ್ಟದ್ದು

ಎರಡನೆಯ ಚಳಿಗಾಲದಲ್ಲಿ ಮೂರು ದಿನಗಳ ಎಚ್ಚರಿಕೆಯೊಂದನ್ನು ಹೊರಡಿಸಲಾಗಿತ್ತು. ಎರಡನೆಯ ದಿನ ಗುಡ್ಡದ ಕಡೆಯಿಂದ ಗಾಳಿ ಬೀಸಿ ಆಕಾಶ ತಿಳಿಯಾಯಿತು. ಹವಾಮಾನ ಮಾದರಿ ಈ ಗಾಳಿಯನ್ನು ಸರಿಯಾಗಿಯೇ ಮುಂಚಿತವಾಗಿ ಹೇಳಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಆದರೂ ರಸಾಯನ ಮಾದರಿ ಮಿತಿ ಮೀರಿದ ಅಂಕಿಯನ್ನೇ ಕೊಟ್ಟಿತು, ಏಕೆಂದರೆ ನಿಶ್ಚಲ ದಿನಗಳಿಗೆಂದು ಕಂಡುಕೊಂಡ ಗುಣಕ ಗಾಳಿ ಬೀಸುವ ದಿನವೂ ಅಷ್ಟೇ ಹೊಗೆಯನ್ನು ಸುರಿಯುತ್ತಿತ್ತು. ಶಾಲೆಗಳ ಹೊರಾಂಗಣ ಚಟುವಟಿಕೆ ನಿಂತಿತ್ತು, ಕೆಲವು ಘಟಕಗಳು ಉತ್ಪಾದನೆ ಇಳಿಸಿದ್ದವು. ಸುಳ್ಳು ಎಚ್ಚರಿಕೆಯ ಬೆಲೆ ಒಂದು ದಿನದ ನಷ್ಟಕ್ಕೆ ಮುಗಿಯುವುದಿಲ್ಲ. ಮುಂದಿನ ನಿಜವಾದ ಎಚ್ಚರಿಕೆಯನ್ನು ಅಧಿಕಾರಿಗಳು ತಡೆದು ತಡೆದು ಹೊರಡಿಸಿದ್ದು ದಾಖಲೆಯಲ್ಲಿದೆ.

ಇನ್ನೂ ಕೆಟ್ಟದ್ದು ವಸಂತದಲ್ಲಿ ಓಝೋನ್ ಮುನ್ಸೂಚನೆಗೆ ಆಯಿತು. ನೆಲಮಟ್ಟದ ಓಝೋನ್ ಯಾವ ಕೊಳವೆಯಿಂದಲೂ ಹೊರಬರುವುದಿಲ್ಲ. ಸುಮಾರು 420 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕು ನೈಟ್ರೋಜನ್ ಡೈಆಕ್ಸೈಡನ್ನು ಒಡೆದಾಗ ಬಿಡುಗಡೆಯಾಗುವ ಆಮ್ಲಜನಕದ ಪರಮಾಣು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಓಝೋನ್ ಆಗುತ್ತದೆ. ಹಾಗೆ ಹುಟ್ಟಿದ ಓಝೋನನ್ನು ಹೊಗೆಯಲ್ಲಿ ಹೊಸದಾಗಿ ಬರುವ ನೈಟ್ರಿಕ್ ಆಕ್ಸೈಡ್ ತಿಂದು ಮತ್ತೆ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಬಾಷ್ಪಶೀಲ ಸಾವಯವ ಅನಿಲಗಳು ಉತ್ಕರ್ಷಣಗೊಳ್ಳುವಾಗ ಹುಟ್ಟುವ ಅಲ್ಪಾಯುಷಿ ಅಣುಗಳು ಈ ಚಕ್ರದಲ್ಲಿ ಕೈಹಾಕಿ ಓಝೋನ್ ಶೇಖರವಾಗುವಂತೆ ಮಾಡುತ್ತವೆ. ಆದರೆ ನೈಟ್ರೋಜನ್ ಆಕ್ಸೈಡುಗಳು ಅತಿಯಾದಾಗ ಅವು ಓಝೋನನ್ನೂ, ಅದನ್ನು ಹುಟ್ಟಿಸುವ ಆ ಅಣುಗಳನ್ನೂ ನುಂಗಿಬಿಡುತ್ತವೆ. ಇಂಥ ನಗರಗಳಲ್ಲಿ ನೈಟ್ರೋಜನ್ ಆಕ್ಸೈಡ್ ಹೆಚ್ಚಿದರೆ ಓಝೋನ್ ಇಳಿಯುತ್ತದೆ, ತಗ್ಗಿದರೆ ಏರುತ್ತದೆ. ಗುಣಕದ ಭಾರದಿಂದ ಮಾದರಿಯ ನಗರ ಪೂರ್ತಿ ಈ ಅತಿಯ ಬದಿಗೆ ಸರಿದಿತ್ತು. ರಾತ್ರಿಯಿಡೀ ಓಝೋನ್ ಸೊನ್ನೆ, ಮಧ್ಯಾಹ್ನವೂ ಅಳತೆಗಿಂತ ಬಹಳ ಕಡಿಮೆ. ಕಣಗಳ ಚಳಿಗಾಲದ ಅಂಕಿಯನ್ನು ಸರಿಪಡಿಸಲು ಹಾಕಿದ ಸಂಖ್ಯೆಯೊಂದು ಬೇರೆ ಋತುವಿನ ಬೇರೆ ಮಾಲಿನ್ಯದ ರಸಾಯನವನ್ನೇ ಬುಡಮೇಲು ಮಾಡಿತ್ತು.

ನಿರ್ಧಾರದ ಸಭೆ

ಆಗ ನಡೆದ ಸಭೆಯೇ ಈ ಪ್ರಕರಣದ ಮುಖ್ಯ ತಿರುವು ಎಂದು ನನ್ನ ಅಭಿಪ್ರಾಯ. ಮುಂದಿಟ್ಟ ಪ್ರಸ್ತಾವ ಎರಡು. ಒಂದೇ ಗುಣಕದ ಬದಲು ಪ್ರತಿ ಋತುವಿಗೆ, ಪ್ರತಿ ಗಂಟೆಗೆ ಬೇರೆ ಬೇರೆ ಗುಣಕಗಳನ್ನು ಹಾಕುವುದು ಮೊದಲನೆಯದು. ಗುಣಕವನ್ನು ಪೂರ್ತಿ ತೆಗೆದು, ದೋಷದ ಮೂಲ ಸಿಗುವವರೆಗೆ ಕಳಪೆ ಅಂಕಿಗಳನ್ನು ಸಹಿಸಿಕೊಳ್ಳುವುದು ಎರಡನೆಯದು. ಮೊದಲನೆಯದಕ್ಕೆ ಬೆಂಬಲ ಹೆಚ್ಚಿತ್ತು. ಕೆಲಸ ಸುಲಭ, ಫಲ ಖಚಿತ, ಮುಂದಿನ ಚಳಿಗಾಲಕ್ಕೆ ಸಮಯವೂ ಕಡಿಮೆ.

ಮನಸ್ಸು ಬದಲಿಸಿದ್ದು ಮೊದಲ ಪ್ರಸ್ತಾವವೇ ಹುಟ್ಟುಹಾಕಿದ ಒಂದು ಕೋಷ್ಟಕ. ಗಂಟೆವಾರು ಗುಣಕಗಳನ್ನು ಲೆಕ್ಕಹಾಕಿ ರೇಖಾಚಿತ್ರ ಬರೆದಾಗ, ಅವು ಮಧ್ಯಾಹ್ನ ಒಂದರ ಆಸುಪಾಸಿನಲ್ಲಿದ್ದು, ಸಂಜೆಯಿಂದ ಏರುತ್ತ, ಬೆಳಗಿನ ಜಾವದಲ್ಲಿ ಅತಿ ಎತ್ತರಕ್ಕೆ ಹೋಗಿ, ಬಿಸಿಲೇರಿದಂತೆ ಕುಸಿಯುತ್ತಿದ್ದವು. ಬೆಳಗಿನ ನಾಲ್ಕು ಗಂಟೆಗೆ ಯಾವ ನಗರವೂ ದಿನದ ಅತಿ ಹೆಚ್ಚು ಇಂಧನವನ್ನು ಉರಿಸುವುದಿಲ್ಲ. ವಾಹನಗಳಿಲ್ಲದ, ಒಲೆಗಳಿನ್ನೂ ಹೊತ್ತದ ಆ ಹೊತ್ತಿಗೆ ಅತಿ ದೊಡ್ಡ ಗುಣಕ ಬೇಕೆಂದರೆ, ಆ ರೇಖೆ ಹೊಗೆಯ ಕೊರತೆಯನ್ನು ಹೇಳುತ್ತಿರಲಿಲ್ಲ. ಹೊಗೆ ಬೆರೆಯುವ ಎತ್ತರದ ರೇಖೆಯನ್ನು ತಲೆಕೆಳಗು ಮಾಡಿದರೆ ಏನು ಬರುತ್ತದೆಯೋ ಅದೇ ಅಲ್ಲಿತ್ತು. ಇದನ್ನು ಎತ್ತಿ ಹೇಳಿದವರು ತಂಡದ ಹವಾಮಾನ ತಜ್ಞರು. ಅಲ್ಲಿಯವರೆಗೆ ಅವರನ್ನು ರಸಾಯನದ ಚರ್ಚೆಗಳಿಗೆ ಕರೆಯುತ್ತಲೇ ಇರಲಿಲ್ಲ. ಗುಣಕವನ್ನು ತೆಗೆಯುವ ನಿರ್ಧಾರ ಅಂದೇ ಆಯಿತು.

ಕಾರ್ಬನ್ ಮೊನಾಕ್ಸೈಡಿನ ಸಾಕ್ಷ್ಯ

ಹೊರಸೂಸುವಿಕೆ, ಬೆರೆಯುವಿಕೆ, ರಸಾಯನ ಇವುಗಳಲ್ಲಿ ದೋಷ ಯಾವುದರದ್ದು ಎಂದು ಬೇರ್ಪಡಿಸಲು ಪಿಎಂ 2.5 ತಕ್ಕ ಸಾಧನವಲ್ಲ, ಏಕೆಂದರೆ ಅದರಲ್ಲಿ ಮೂರೂ ಬೆರೆತಿರುತ್ತವೆ. ತಂಡ ಆರಿಸಿಕೊಂಡದ್ದು ಕಾರ್ಬನ್ ಮೊನಾಕ್ಸೈಡನ್ನು. ಅಪೂರ್ಣವಾಗಿ ಉರಿದಾಗ ಹುಟ್ಟುವ ಈ ಅನಿಲ ವಾತಾವರಣದಲ್ಲಿ ಒಂದೆರಡು ತಿಂಗಳು ಬಾಳುತ್ತದೆ. ಒಂದು ರಾತ್ರಿಯ ಮಟ್ಟಿಗೆ ಅದಕ್ಕೆ ರಸಾಯನವೇ ಇಲ್ಲ ಎನ್ನಬಹುದು. ಮುಂಜಾನೆ ಅದೂ ಕಡಿಮೆ ಬರುತ್ತಿದ್ದರೆ ರಸಾಯನ ನಿರಪರಾಧಿ. ಮುಂಜಾನೆ ಕಡಿಮೆ, ಮಧ್ಯಾಹ್ನ ಸರಿ ಎಂದಾದರೆ ಹೊರಸೂಸುವಿಕೆಯ ಮೊತ್ತವೂ ಮುಖ್ಯ ಆರೋಪಿಯಲ್ಲ. ಗುಣಕವಿಲ್ಲದ ಓಟದಲ್ಲಿ ಕಂಡದ್ದು ಇದೇ: ಮಧ್ಯಾಹ್ನದ ಅಂಕಿ ಅಳತೆಗಿಂತ ತುಸುವೇ ಕಡಿಮೆ, ಮುಂಜಾನೆಯದು ಬಹಳ ಕಡಿಮೆ.

ಬೆರೆಯುವಿಕೆಯನ್ನು ಲೆಕ್ಕಹಾಕುವ ತಂತ್ರಾಂಶದ ಸಾಲುಗಳನ್ನು ಓದಿದಾಗ ಒಂದು ಕನಿಷ್ಠ ಮಿತಿ ಸಿಕ್ಕಿತು. ಪದರಗಳ ನಡುವೆ ಎಷ್ಟು ಬೇಗ ಬೆರೆಯುತ್ತದೆ ಎಂಬುದನ್ನು ಮಾದರಿಗಳು ಚದರ ಮೀಟರ್ ಪ್ರತಿ ಸೆಕೆಂಡ್ ಎಂಬ ಮಾನದಲ್ಲಿ ಒಂದು ಗುಣಾಂಕವಾಗಿ ಇಟ್ಟುಕೊಳ್ಳುತ್ತವೆ. ನಿಶ್ಚಲ ರಾತ್ರಿಯಲ್ಲಿ ಲೆಕ್ಕದ ಪ್ರಕಾರ ಈ ಗುಣಾಂಕ ಸೊನ್ನೆಯ ಹತ್ತಿರ ಹೋಗಬಹುದು. ಹಾಗಾದರೆ ಎಲ್ಲ ಹೊಗೆಯೂ ಕೆಳಪದರದಲ್ಲೇ ಸೇರಿ ಅಂಕಿಗಳು ಅಸಂಬದ್ಧವಾಗಿ ಏರುತ್ತವೆ. ಅದನ್ನು ತಡೆಯಲು ಅದಕ್ಕೊಂದು ಕೆಳಮಿತಿ ಹಾಕುವ ಪದ್ಧತಿ ಹಳೆಯದು, ಮತ್ತು ಅದಕ್ಕೆ ಭೌತಿಕ ಕಾರಣವೂ ಇದೆ: ಕಟ್ಟಡಗಳ ಒರಟುತನವೂ ನಗರದ ಶಾಖವೂ ರಾತ್ರಿಯಲ್ಲಿ ಗಾಳಿಯನ್ನು ಅಷ್ಟಿಷ್ಟು ಕಲಕುತ್ತಲೇ ಇರುತ್ತವೆ. ಹೀಗಾಗಿ ಮಿತಿಯನ್ನು ಬರೆದವರನ್ನು ದೂರುವಂತಿಲ್ಲ. ತೊಂದರೆ ಇದ್ದದ್ದು ಆ ಮಿತಿ ಯಾವಾಗ ಜಾರಿಯಾಗುತ್ತದೆ ಎಂಬುದರಲ್ಲಿ. ಒಂದು ಚೌಕ ನಗರವೇ ಅಲ್ಲವೇ ಎಂಬುದನ್ನು ಮಾದರಿ ಆ ಚೌಕದ ಕಾರ್ಬನ್ ಮೊನಾಕ್ಸೈಡ್ ಹೊರಸೂಸುವಿಕೆಯಿಂದ ಊಹಿಸುತ್ತಿತ್ತು. ಒಂದು ಮಟ್ಟ ದಾಟಿದರೆ ಒಂದು ಮಿತಿ, ಇನ್ನೂ ಮೇಲಿನ ಮಟ್ಟ ದಾಟಿದರೆ ಅದಕ್ಕಿಂತ ದೊಡ್ಡ ಮಿತಿ.

ಇದರ ಪರಿಣಾಮವನ್ನು ಓದುಗರು ಊಹಿಸಬಹುದು. ತಂಡ ಹೊರಸೂಸುವಿಕೆಯನ್ನು ಗುಣಕದಿಂದ ಹೆಚ್ಚಿಸಿದಾಗ ಕಾರ್ಬನ್ ಮೊನಾಕ್ಸೈಡೂ ಹೆಚ್ಚಿ, ಹೊರವಲಯದ ಚೌಕಗಳೂ ಮಾದರಿಯ ಕಣ್ಣಿಗೆ ನಗರಗಳಾಗಿ, ನಗರದ ಚೌಕಗಳು ಮಹಾನಗರಗಳಾಗಿ, ಎಲ್ಲೆಡೆ ರಾತ್ರಿಯ ಬೆರೆಯುವಿಕೆ ಕೃತಕವಾಗಿ ಏರಿತ್ತು. ಸೇರಿಸಿದ ಹೊಗೆಯ ಒಂದು ಪಾಲನ್ನು ಅದೇ ಹೊಗೆ ಎಬ್ಬಿಸಿದ ಬೆರೆಯುವಿಕೆ ಮೇಲಕ್ಕೆ ಒಯ್ಯುತ್ತಿತ್ತು, ಆದ್ದರಿಂದ ಇನ್ನೂ ದೊಡ್ಡ ಗುಣಕ ಬೇಕಾಗುತ್ತಿತ್ತು. ಎರಡು ವಿಭಾಗಗಳ ನಡುವೆ ಹೀಗೊಂದು ಗುಪ್ತ ಕೊಂಡಿ ಇರಬಹುದೆಂದು ಹೊರಸೂಸುವಿಕೆಯ ಕಡತವನ್ನಷ್ಟೇ ತಿದ್ದುವವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಮಿತಿಯನ್ನು ತಂಡ ತೆಗೆದುಹಾಕಲಿಲ್ಲ. ಅದನ್ನು ಹೊರಸೂಸುವಿಕೆಯಿಂದ ಬಿಡಿಸಿ, ಚೌಕದಲ್ಲಿ ಕಟ್ಟಡಗಳು ಆವರಿಸಿದ ಭಾಗಕ್ಕೆ ತಕ್ಕಂತೆ ಏರಿಳಿಯುವಂತೆ ಮಾಡಿ, ಒಟ್ಟು ಪ್ರಮಾಣವನ್ನು ತಗ್ಗಿಸಿತು. ನೆಲಕ್ಕೆ ತಾಗಿದ ದಪ್ಪ ಪದರವನ್ನು ತೆಳುವಾದ ಪದರಗಳಾಗಿ ಒಡೆಯಿತು, ಏಕೆಂದರೆ ವಿಲೋಮದ ಎತ್ತರವೇ ಒಂದು ಪದರಕ್ಕಿಂತ ಕಡಿಮೆಯಿದ್ದರೆ ಅದನ್ನು ಮಾದರಿ ಕಾಣುವುದಾದರೂ ಹೇಗೆ? ಪರೀಕ್ಷೆಗೆ ಕಾರ್ಬನ್ ಮೊನಾಕ್ಸೈಡಿನ ಅಳತೆಯ ಜೊತೆಗೆ ವಿಮಾನ ನಿಲ್ದಾಣದ ಸೀಲೋಮೀಟರಿನ ದಾಖಲೆಯನ್ನೂ ಬಳಸಲಾಯಿತು. ಮೋಡದ ಎತ್ತರ ಅಳೆಯಲೆಂದು ಇಟ್ಟ ಆ ಲೇಸರ್ ಉಪಕರಣ ಕಣಗಳಿಂದ ಮರಳುವ ಬೆಳಕನ್ನೂ ದಾಖಲಿಸುವುದರಿಂದ, ಹೊಗೆ ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದರ ಸೂಚನೆ ಅದರಲ್ಲಿ ಸಿಗುತ್ತದೆ. ಉಪಗ್ರಹದ ಮಾಹಿತಿ ಈ ಕೆಲಸಕ್ಕೆ ಒದಗಲಿಲ್ಲ. 2017ರಲ್ಲಿ ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹದ ಟ್ರೋಪೋಮಿ ಉಪಕರಣ ನೈಟ್ರೋಜನ್ ಡೈಆಕ್ಸೈಡನ್ನು ಬಹು ಸೂಕ್ಷ್ಮವಾಗಿ ನೋಡುತ್ತದೆ, ಆದರೆ ಅದು ಹಾದುಹೋಗುವುದು ಸ್ಥಳೀಯ ಸಮಯ ಮಧ್ಯಾಹ್ನ ಸುಮಾರು ಒಂದೂವರೆಗೆ. ಈ ಪ್ರಕರಣದ ದೋಷವಿದ್ದದ್ದು ಸೂರ್ಯೋದಯಕ್ಕೆ ಮುಂಚೆ. ಮಧ್ಯಾಹ್ನದ ಹೊರಸೂಸುವಿಕೆ ಬಹುಮಟ್ಟಿಗೆ ಸರಿಯಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲು ಮಾತ್ರ ಅದು ನೆರವಾಯಿತು.

ತಿಳಿ ಆಕಾಶದ ಮುಂಜಾನೆಗಳಲ್ಲಿ ಬದಲಾವಣೆ ತಕ್ಷಣ ಕಂಡಿತು. ಗುಣಕವಿಲ್ಲದೆಯೇ ಕಾರ್ಬನ್ ಮೊನಾಕ್ಸೈಡೂ ನೈಟ್ರೋಜನ್ ಆಕ್ಸೈಡುಗಳೂ ಏಳೆಂಟು ಗಂಟೆಯ ತುದಿಯನ್ನು ಮುಟ್ಟಿದವು, ಪಿಎಂ 2.5 ಅವುಗಳ ಹಿಂದೆಯೇ ಬಂತು, ವಸಂತದ ಓಝೋನೂ ತನ್ನ ಸ್ಥಾನಕ್ಕೆ ಮರಳಿತು.

ಮಂಜಿನ ದಿನಗಳು

ಆದರೆ ಅತಿ ಕೆಟ್ಟ ದಿನಗಳು ತಿಳಿ ಆಕಾಶದವಾಗಿರಲಿಲ್ಲ. ಹಲವು ದಿನ ಮಂಜು ಕವಿದು, ಗಾಳಿ ಒದ್ದೆಯಾಗಿ ನಿಂತಾಗ ಪಿಎಂ 2.5 ಹಗಲಿನಲ್ಲೂ ಇಳಿಯುತ್ತಿರಲಿಲ್ಲ, ಮಾದರಿ ಮಾತ್ರ ಅಲ್ಲಿ ಇನ್ನೂ ಹಿಂದೆಯೇ ಉಳಿದಿತ್ತು. ಈ ಸಲ ಕಾರ್ಬನ್ ಮೊನಾಕ್ಸೈಡ್ ಸರಿಯಾಗಿಯೇ ಇತ್ತು. ಬೆರೆಯುವಿಕೆಯೂ ಉರಿಯುವಿಕೆಯೂ ಸರಿಯಿದ್ದು ಕಣಗಳು ಮಾತ್ರ ಕಡಿಮೆಯೆಂದರೆ, ಕಾಣೆಯಾದ ಕಣಗಳು ಕೊಳವೆಯಿಂದ ಬಂದವಲ್ಲ, ಗಾಳಿಯಲ್ಲೇ ಹುಟ್ಟಿದವು. ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾದದ್ದು ಮೊದಲ ದೋಷವನ್ನು ಮೊದಲೇ ಬಿಡಿಸಿ ಬಗೆಹರಿಸಿದ್ದರಿಂದ. ಗುಣಕ ಇನ್ನೂ ಜಾರಿಯಲ್ಲಿದ್ದಿದ್ದರೆ ಈ ಎರಡನೆಯ ದೋಷ ಅದರಡಿ ಮುಚ್ಚಿಹೋಗುತ್ತಿತ್ತು.

ಸಮೀಪದ ಪ್ರಯೋಗಾಲಯವೊಂದು ಸೋಸುಕಾಗದಗಳ ಮೇಲೆ ಕಣಗಳನ್ನು ಸಂಗ್ರಹಿಸಿ ಅವುಗಳ ಘಟಕಗಳನ್ನು ವಿಶ್ಲೇಷಿಸಿದ ಹಳೆಯ ದಾಖಲೆ ಸಿಕ್ಕಿತು. ಮಂಜಿನ ದಿನಗಳ ಕಾಗದಗಳಲ್ಲಿ ನೈಟ್ರೇಟೂ ಅಮೋನಿಯಮ್ಮೂ ಧಾರಾಳವಾಗಿದ್ದವು. ಮಾದರಿಯಲ್ಲಿ ಅವು ಅಲ್ಪ, ಬದಲಿಗೆ ರಸ್ತೆಯ ಧೂಳು ಅಧಿಕ. ಸಾಧಾರಣ ದಿನಗಳಲ್ಲಿ ಇಲ್ಲದ ನೈಟ್ರೇಟಿನ ತೂಕವನ್ನು ಇರಬಾರದ ಧೂಳು ತುಂಬಿಕೊಡುತ್ತಿದ್ದುದರಿಂದ ಒಟ್ಟು ಸಂಖ್ಯೆ ಸರಿಯೆಂಬಂತೆ ಕಾಣುತ್ತಿತ್ತು. ಧೂಳು ಮಂಜಿಗೆ ಸ್ಪಂದಿಸುವುದಿಲ್ಲ, ನೈಟ್ರೇಟ್ ಸ್ಪಂದಿಸುತ್ತದೆ. ಹೊಂದಾಣಿಕೆ ಮುರಿದುಬಿದ್ದದ್ದು ಅಲ್ಲಿ.

ನೈಟ್ರೇಟ್ ಕಣ ಹುಟ್ಟುವ ದಾರಿ ಹೀಗಿದೆ. ಹಗಲಿನಲ್ಲಿ ಹೈಡ್ರಾಕ್ಸಿಲ್ ಅಣು ನೈಟ್ರೋಜನ್ ಡೈಆಕ್ಸೈಡನ್ನು ನೈಟ್ರಿಕ್ ಆಮ್ಲವಾಗಿಸುತ್ತದೆ. ರಾತ್ರಿಯಲ್ಲಿ ದಾರಿ ಬೇರೆ: ಓಝೋನಿನೊಂದಿಗೆ ಕೂಡಿ ಅಲ್ಪಾಯುಷಿಯಾದ ನೈಟ್ರೇಟ್ ರ‍್ಯಾಡಿಕಲ್, ಅದರಿಂದ ಡೈನೈಟ್ರೋಜನ್ ಪೆಂಟಾಕ್ಸೈಡ್, ಅದು ಒದ್ದೆ ಕಣದ ಮೈಮೇಲೆ ನೀರಿನೊಂದಿಗೆ ಕೂಡಿ ನೈಟ್ರಿಕ್ ಆಮ್ಲ. ಬಿಸಿಲಿನಲ್ಲಿ ಈ ರ‍್ಯಾಡಿಕಲ್ ಸೆಕೆಂಡುಗಳಲ್ಲಿ ಒಡೆದುಹೋಗುವುದರಿಂದ ಇದು ಕತ್ತಲೆಯ ರಸಾಯನ. ಹುಟ್ಟಿದ ಆಮ್ಲ ಅಮೋನಿಯಾದೊಂದಿಗೆ ಸೇರಿ ಅಮೋನಿಯಂ ನೈಟ್ರೇಟ್ ಆಗುತ್ತದೆ, ಮತ್ತು ಈ ಕ್ರಿಯೆ ಎರಡೂ ಕಡೆಗೆ ನಡೆಯಬಲ್ಲದು: ಚಳಿ ಮತ್ತು ತೇವವಿದ್ದರೆ ಕಣದ ಕಡೆಗೆ, ಬಿಸಿ ಮತ್ತು ಒಣಹವೆಯಿದ್ದರೆ ಮತ್ತೆ ಅನಿಲಗಳ ಕಡೆಗೆ. ತೂಕದ ಲೆಕ್ಕವನ್ನೂ ನೋಡಬೇಕು. ನೈಟ್ರೋಜನ್ ಡೈಆಕ್ಸೈಡಿನ ಅಣುತೂಕ 46, ಅಮೋನಿಯಂ ನೈಟ್ರೇಟಿನದು 80; ಅನಿಲವಾಗಿದ್ದಾಗ ಪಿಎಂ 2.5ರಲ್ಲಿ ಲೆಕ್ಕಕ್ಕೇ ಬಾರದ ವಸ್ತು ಕಣವಾದಾಗ ಮುಕ್ಕಾಲು ಪಾಲು ಹೆಚ್ಚಿನ ತೂಕದೊಂದಿಗೆ ಬಂದು ಸೇರುತ್ತದೆ.

ಮಾದರಿಯಲ್ಲಿ ಎರಡು ಕೊರತೆಗಳಿದ್ದವು. ಆಯ್ದುಕೊಂಡ ರಸಾಯನ ವ್ಯವಸ್ಥೆಯಲ್ಲಿ ಒದ್ದೆ ಕಣದ ಮೇಲಿನ ರಾತ್ರಿಯ ಕ್ರಿಯೆ ಐಚ್ಛಿಕವಾಗಿದ್ದು, ಗಣನೆಯ ಸಮಯ ಉಳಿಸಲು ಅದನ್ನು ಆರಂಭದಲ್ಲೇ ನಿಲ್ಲಿಸಲಾಗಿತ್ತು. ಇನ್ನೊಂದು ಅಮೋನಿಯಾ. ಬಯಲಿನ ಹೊಲಗಳ ಗೊಬ್ಬರ ಮತ್ತು ಜಾನುವಾರುಗಳಿಂದ ಬರುವ ಅಮೋನಿಯಾವನ್ನು ಪಟ್ಟಿ ವರ್ಷವಿಡೀ ಒಂದೇ ಸಮನಾಗಿ ಹಂಚಿತ್ತು; ಬಿತ್ತನೆಯ ಹೊತ್ತಿಗೆ ಗೊಬ್ಬರ ಹಾಕುವ ವಾರಗಳು ಅದರಲ್ಲಿ ಇರಲೇ ಇಲ್ಲ. ಕ್ರಿಯೆಯನ್ನು ಚಾಲೂ ಮಾಡಿ, ಕೃಷಿ ಇಲಾಖೆಯಿಂದ ಬೆಳೆಯ ಪಂಚಾಂಗವನ್ನು ಪಡೆದು ಅಮೋನಿಯಾವನ್ನು ತಿಂಗಳವಾರು ಮರುಹಂಚಿಕೆ ಮಾಡಿ, ನೆಲ ಒದ್ದೆಯಿರುವಾಗ ರಸ್ತೆಯ ಧೂಳನ್ನು ತಗ್ಗಿಸಲಾಯಿತು.

ಈ ಹಂತದಲ್ಲಿ ಅಳತೆಯನ್ನೂ ಪ್ರಶ್ನಿಸಬೇಕಾಯಿತು, ಮತ್ತು ತಂಡ ಅದನ್ನು ಅಂಜದೆ ಮಾಡಿದ್ದು ನನಗೆ ಮೆಚ್ಚುಗೆಯಾದ ಸಂಗತಿ. ಬೀಟಾ ಕಿರಣ ಕ್ಷೀಣತೆಯ ತತ್ವದ ಮೇಲೆ ಕೆಲಸ ಮಾಡುವ ಕಣಮಾಪಕಗಳು ತೇವಾಂಶದ ತೊಂದರೆ ತಪ್ಪಿಸಲು ಒಳಬರುವ ಗಾಳಿಯನ್ನು ಬಿಸಿಮಾಡುತ್ತವೆ. ಆ ಬಿಸಿಗೆ ಅಮೋನಿಯಂ ನೈಟ್ರೇಟಿನ ಒಂದಂಶ ಆವಿಯಾಗಿ, ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಅಗ್ಗದ ಬೆಳಕು-ಚದುರಿಕೆಯ ಸಂವೇದಕಗಳಲ್ಲಿ ಇದು ತಿರುಗುಮುರುಗು: ತೇವದಲ್ಲಿ ಉಬ್ಬಿದ ಕಣಗಳು ಹೆಚ್ಚು ಬೆಳಕನ್ನು ಚದುರಿಸುವುದರಿಂದ ಅಂಕಿ ನಿಜಕ್ಕಿಂತ ಮೇಲಿರುತ್ತದೆ. ಮಂಜಿನ ದಿನ ಎರಡು ಬಗೆಯ ಉಪಕರಣಗಳ ನಡುವೆ ಇದ್ದ ದೊಡ್ಡ ಅಂತರಕ್ಕೆ ಕಾರಣ ಇದು. ನೈಟ್ರೋಜನ್ ಡೈಆಕ್ಸೈಡ್ ಅಳೆಯುವ, ಮಾಲಿಬ್ಡಿನಂ ಪರಿವರ್ತಕವಿರುವ ಉಪಕರಣಗಳೂ ನೈಟ್ರಿಕ್ ಆಮ್ಲದಂಥ ಬೇರೆ ಸಂಯುಕ್ತಗಳನ್ನು ಅದೇ ಲೆಕ್ಕಕ್ಕೆ ಸೇರಿಸಿಬಿಡುತ್ತವೆ. ಆದ್ದರಿಂದ ತಂಡ ಹೋಲಿಕೆಯ ವಿಧಾನವನ್ನು ಬದಲಿಸಿತು: ಮಾದರಿಯ ಒದ್ದೆ ಕಣಗಳನ್ನು ಅಳತೆಯೊಡನೆ ನೇರವಾಗಿ ಹೋಲಿಸದೆ, ಕಣಗಳ ನೀರನ್ನು ಬಿಟ್ಟು, ಉಪಕರಣದ ಉಷ್ಣತೆಯಲ್ಲಿ ಉಳಿಯಬಹುದಾದ ನೈಟ್ರೇಟನ್ನು ಲೆಕ್ಕಹಾಕಿ ಹೋಲಿಸಿತು. ಮಾದರಿಯ ಕೊರತೆಯೆಂದು ಬಗೆದಿದ್ದ ಅಂತರ ಇದರಿಂದ ಕುಗ್ಗಲಿಲ್ಲ, ಸ್ವಲ್ಪ ಹಿಗ್ಗಿತು. ಆದರೂ ಆ ವಿಧಾನವನ್ನೇ ಉಳಿಸಿಕೊಂಡರು.

ಪ್ರಕಟಿಸುವ ಅಂಕಿ, ಇಟ್ಟುಕೊಳ್ಳುವ ಅಂಕಿ

ಮಾದರಿ ಎಷ್ಟೇ ಸುಧಾರಿಸಿದರೂ ಕೇಂದ್ರಕೇಂದ್ರಕ್ಕೆ ಕೆಲವು ವ್ಯವಸ್ಥಿತ ದೋಷಗಳು ಉಳಿದೇ ಉಳಿಯುತ್ತವೆ; 3 ಕಿ.ಮೀ. ಚೌಕದ ಸರಾಸರಿ ಒಂದು ರಸ್ತೆ ವೃತ್ತದ ಬದಿಯ ಕೇಂದ್ರದ ಅಂಕಿಯಾಗಲಾರದು. ಹಿಂದಿನ ದಿನಗಳ ದೋಷದಿಂದ ಕಲಿತು ಮರುದಿನದ ಅಂಕಿಯನ್ನು ತಿದ್ದುವ ಅಂಕಿಅಂಶಗಳ ವಿಧಾನಗಳು ಇದಕ್ಕೆ ಬಹಳ ಉಪಯುಕ್ತ, ತಂಡವೂ ಅವುಗಳಲ್ಲೊಂದಾದ ಕಾಲ್ಮನ್ ಸೋಸುವಿಕೆಯನ್ನು ಬಳಸಿತು. ಆದರೆ ಅದಕ್ಕೆ ಒಂದು ಕಟ್ಟು ಹಾಕಿಕೊಂಡಿತು: ತಿದ್ದುಪಡಿ ಮಾದರಿಯಿಂದ ಹೊರಬಂದ ಅಂಕಿಯ ಮೇಲೆ ಮಾತ್ರ, ಮಾದರಿಯ ಒಳಗಿನ ಯಾವ ಸಂಖ್ಯೆಯ ಮೇಲೂ ಅಲ್ಲ, ತಿದ್ದದ ಅಂಕಿಯನ್ನೂ ಪ್ರತಿದಿನ ಸಂಗ್ರಹಿಸಿಟ್ಟು, ತಿದ್ದುಪಡಿಯ ಗಾತ್ರ ಹಠಾತ್ತನೆ ಬದಲಾದರೆ ಕಾರಣ ಹುಡುಕಬೇಕು. ಗುಣಕವೂ ಒಂದು ತಿದ್ದುಪಡಿಯೇ ಆಗಿತ್ತು, ಆದರೆ ಅದು ರಸಾಯನದ ಒಳಗೆ ಹೊಕ್ಕಿದ್ದರಿಂದ ಅದರ ಹಾನಿ ಅಳೆಯಲು ಸಿಗದಂತಿತ್ತು. ಹೊರಗೆ ಮಾಡಿದ ತಿದ್ದುಪಡಿ ಓಝೋನನ್ನು ಕೆಡಿಸಲಾರದು.

ಮೌಲ್ಯಮಾಪನದ ಮಾನದಂಡವೂ ಬದಲಾಯಿತು. ಇಂದಿನ ಅಂಕಿಯನ್ನೇ ನಾಳೆಯ ಮುನ್ಸೂಚನೆಯೆಂದು ಹೇಳುವ ಅತಿ ಸರಳ ವಿಧಾನವನ್ನು ಎದುರಾಳಿಯಾಗಿ ಇಟ್ಟುಕೊಂಡರು. ನಿಶ್ಚಲ ಹವೆ ವಾರಗಟ್ಟಲೆ ಮುಂದುವರಿಯುವ ಕಡೆ ಈ ಎದುರಾಳಿಯನ್ನು ಸೋಲಿಸುವುದು ಕಷ್ಟ. ಅದು ಸೋಲುವುದು ಮಾಲಿನ್ಯದ ಅವಧಿ ಆರಂಭವಾಗುವ ದಿನ ಮತ್ತು ಮುಗಿಯುವ ದಿನ ಮಾತ್ರ. ಎಚ್ಚರಿಕೆ ಹೊರಡಿಸುವವರಿಗೂ ಬೇಕಾದವು ಆ ಎರಡು ದಿನಗಳೇ. ಬದಲಾವಣೆಗಳ ನಂತರದ ಚಳಿಗಾಲದಲ್ಲಿ ಇಡೀ ಋತುವಿನ ಸರಾಸರಿ ದೋಷ ಗುಣಕದ ಕಾಲದ್ದಕ್ಕಿಂತ ಹೆಚ್ಚೇನೂ ಉತ್ತಮವಾಗಿರಲಿಲ್ಲ, ಮತ್ತು ಇದನ್ನು ಮೇಲಧಿಕಾರಿಗಳಿಗೆ ವಿವರಿಸುವುದು ಸುಲಭವಾಗಲಿಲ್ಲ. ಆರಂಭದ ಮತ್ತು ಅಂತ್ಯದ ದಿನಗಳನ್ನು ಪ್ರತ್ಯೇಕಿಸಿ ನೋಡಿದಾಗ ಮಾತ್ರ ವ್ಯತ್ಯಾಸ ಎದ್ದು ಕಂಡಿತು: ಗಾಳಿ ಬರುವ ದಿನ ಮಾದರಿ ಇಳಿಯಿತು, ಮಂಜು ಕವಿಯುವ ದಿನ ಏರಿತು.

ಬೆಲೆಯನ್ನೂ ತೆರಬೇಕಾಯಿತು. ತೆಳು ಪದರಗಳೂ ಹೆಚ್ಚಿದ ರಸಾಯನವೂ ಸೇರಿ ಓಟ ನಿಧಾನವಾಗಿ, ಸಂಜೆಯ ಗಡುವಿಗೆ ಫಲಿತಾಂಶ ಸಿಗದಂತಾಯಿತು. ತಂಡ ಐದು ದಿನಗಳ ಮುನ್ಸೂಚನೆಯನ್ನು ಮೂರಕ್ಕೆ ಇಳಿಸಿತು. ನಾಲ್ಕನೆಯ ಮತ್ತು ಐದನೆಯ ದಿನದ ಅಂಕಿಗಳನ್ನು ಯಾರೂ ನಿರ್ಧಾರಕ್ಕೆ ಬಳಸುತ್ತಿರಲಿಲ್ಲ ಎಂಬುದು ಕೇಳಿ ನೋಡಿದ ಮೇಲಷ್ಟೇ ತಿಳಿಯಿತು.

ಅಮೋನಿಯಾ ಇನ್ನೂ ಪೂರ್ತಿ ಬಗೆಹರಿದಿಲ್ಲ. ತಿಂಗಳವಾರು ಹಂಚಿಕೆ ಗೊಬ್ಬರ ಹಾಕುವ ವಾರವನ್ನು ಹಿಡಿಯುವುದಿಲ್ಲ, ಬಯಲಿನಲ್ಲಿ ಅಮೋನಿಯಾ ಅಳೆಯುವ ಒಂದೂ ಕೇಂದ್ರವಿಲ್ಲ. ಮಂಜಿನ ಅವಧಿಯ ಎರಡು ಮೂರನೆಯ ದಿನ ಮಾದರಿ ಈಗಲೂ ಅಳತೆಗಿಂತ ಕೆಳಗಿರುತ್ತದೆ. ಅಲ್ಲಿಗೊಂದು ಗುಣಕ ಹಾಕೋಣವೆಂಬ ಸಲಹೆ ಕಳೆದ ಸಭೆಯಲ್ಲಿ ಮತ್ತೆ ಬಂದಿತ್ತು. ಹೊಲಗಳ ನಡುವೆ ಮಾಪಕವೊಂದನ್ನು ಸ್ಥಾಪಿಸಿ ಒಂದು ಪೂರ್ಣ ಬಿತ್ತನೆಯ ಋತುವಿನ ಅಳತೆ ಕೈಗೆ ಬರುವವರೆಗೆ ಅಮೋನಿಯಾದ ಸಂಖ್ಯೆಯನ್ನು ಮುಟ್ಟಬಾರದೆಂದು ತೀರ್ಮಾನವಾಯಿತು.